ಎಮ್ಮೆಯ ಬಾಣಂತನ

ದೇವದುರ್ಗದ ತಿಮ್ಮವ್ವನ ಮನೆಯಲ್ಲಿ ಒಂದೇ ವಾರದಲ್ಲಿ ಸೊಸೆ ಸವಿತಾಳ ಕೂಸು, ಎಮ್ಮೆಯ ಕರು ಎರಡೂ ಹುಟ್ಟುತ್ತಲೇ ಸತ್ತವು. ಎಮ್ಮೆಗೆ ಬೆಲ್ಲ, ಸಜ್ಜೆ ಗಂಜಿ, ಬಿಸಿನೀರಿನ ಸ್ನಾನ ಎಲ್ಲವೂ ಸಾಂಗವಾಗಿ ನಡೆದವು.

"ಕೂಸಿಲ್ಲದಾಕಿಗಿ ಎಂಥಾ ಬಾಣಂತನ ಬೇ?" ಎಂದು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಬೇಕಾದ ಸವಿತಾಳನ್ನು ಆ ಕರುಣಾಮಯಿ ಹತ್ತನೇ ದಿನಕ್ಕೇ ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟಿದಳು.

ಮಗ ಹುಲಗಪ್ಪನಿಗೂ ಬುದ್ಧಿ ಹೇಳಿದಳು: "ಎಮ್ಮಿ ಹತ್ರ ಹೋಗಬ್ಯಾಡಪ್ಪಾ. ಕರ ಕಳ್ಕೊಂಡದ, ಸಂಕಟಕ್ಕ ಒದೀತದ."

ವಿಧೇಯ ಮಗ ಎಮ್ಮೆಯನ್ನು ಬಿಟ್ಟು, ಅಂದು ರಾತ್ರಿ ಹೊಲದಿಂದ ಬಂದು ಮಲಗಿದ್ದ ಹೆಂಡತಿಯ ಮೈಮೇಲೆ ಕೈ ಹಾಕಿದ. ಮರುಕ್ಷಣವೇ ಅಂಗಳಕ್ಕೆ ಬಂದು ಬಿದ್ದ.

"ಗಂಡಗ ಯಾಕ ಒದ್ದಿ ಬೇ?" ತಿಮ್ಮವ್ವ ಅರಚಿದಳು.

ಸವಿತಾ ಬಾಗಿಲಿಗೆ ಬಂದು ನಿಂತಳು. "ಎಮ್ಮಿಗಿ ಹಿಂಗ ಕೇಳಿದ್ರೇನ್ರಿ, ಅತ್ತಿ?"