ಗಿರಣಿ ಸದ್ದಿನಲ್ಲಿ ಆಡಿದ ಮಾತು

ಹುಮೇರಾ ಮೇಡಂ ಮುಖದ ಮೇಲೆ ಹಿಟ್ಟು ಕೂರುತ್ತಿದೆ, ಅಂಗಿಯ ತೋಳಿನಿಂದ ಒರೆಸುತ್ತೇನೆ, ಮತ್ತೆ ಕೂರುತ್ತದೆ, ಮೊದಲು ಹಣೆಯ ಮೇಲೆ, ಆಮೇಲೆ ಕನ್ನಡಕದ ಮೇಲೆ, ಆಮೇಲೆ ತಲೆಗೆ ಸುತ್ತಿದ ನೀಲಿ ವಸ್ತ್ರದ ಮೇಲೆ — ಫೋನನ್ನು ಜೋಳದ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದೇನೆ, ಗಿರಣಿಯೊಳಗೆ ಬಂದದ್ದು ಏನೇ ಆಗಲಿ ಸ್ವಲ್ಪ ಹೊತ್ತಿಗೆ ಗಿರಣಿಯ ಬಣ್ಣಕ್ಕೇ ತಿರುಗುತ್ತದೆ, ದುರ್ಗದ ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗೆ ಕೂತ ಮೇಡಮ್ಮನ್ನೂ ಅದು ಬಿಟ್ಟಿಲ್ಲ, ಪಾಪ ಅವರಿಗೆ ಗೊತ್ತೂ ಇಲ್ಲ. ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಅವರ ದನಿ ಸಣ್ಣಗೆ ಬರುತ್ತಿದೆ, ದಾಕ್ಷಾಯಿಣಿಯವರೇ ಎಲ್ಲಿದೀರಿ, ಏನದು ಸದ್ದು. ಗಿರಣಿ ಮೇಡಂ, ನಮ್ಮದೇ, ಇವತ್ತು ಇಲ್ಲೇ ಮಾತಾಡ್ತೀನಿ, ಇಲ್ಲಿ ಯಾರೂ ಇಲ್ಲ. ಯಾರೂ ಇಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದೇ ಎದೆಯೊಳಗೆ ಏನೋ ಹಗುರಾಯಿತು, ಗಂಡ ಮುರುಗೇಶಿ ಮೋಟಾರಿನ ಸಾಮಾನು ತರಲು ಹೊಳಲ್ಕೆರೆಗೆ ಹೋಗಿದ್ದಾರೆ, ಮಾವ ಅರಳಿಕಟ್ಟೆಯ ಮೇಲೆ, ಅತ್ತೆ ಗೋಡೆಯಾಚೆ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ, ಹೊರಗೆ ಜಗುಲಿಯಲ್ಲಿ ಚಿಕ್ಕತಿಮ್ಮಪ್ಪ ತನ್ನ ರಾಗಿ ಚೀಲಕ್ಕೆ ಬೆನ್ನು ಕೊಟ್ಟು ಕೂತಿದ್ದಾನೆ, ಅವನಿಗೆ ಹೇಳಿದ್ದೇನೆ ಇನ್ನೊಂದಷ್ಟು ಹೊತ್ತು ಆಗ್ತತೆ ಕಣಣ್ಣ ಕುಂತ್ಕಳ್ರಿ ಅಂತ. ಕಲ್ಲು ಬರಿದಾಗಿ ತಿರುಗಬಾರದು, ಕಲ್ಲಿಗೆ ಕಲ್ಲು ಉಜ್ಜಿದರೆ ಹಲ್ಲು ಸವೆಯುತ್ತದೆ, ಅದಕ್ಕೇ ಮನೆಯ ರಾಗಿಯನ್ನೇ ಒಂದು ಚೀಲ ತಂದಿಟ್ಟುಕೊಂಡು ಮೊರದಿಂದ ಸ್ವಲ್ಪ ಸ್ವಲ್ಪವೇ ಮೇಲೆ ಸುರಿಯುತ್ತಿದ್ದೇನೆ, ಮಾತು ಮುಗಿಯುವವರೆಗೂ ಸದ್ದು ಇರಬೇಕು, ಇವತ್ತು ಹೇಳಿಬಿಡಬೇಕು, ಇವತ್ತಿನದು ಕೊನೆಯ ಮಾತು ಎಂದು ಮೇಡಮ್ಮೇ ಹೋದ ಸಲ ಹೇಳಿದ್ದಾರೆ, ನೀವು ಚೆನ್ನಾಗಾಗಿದೀರಿ, ಇನ್ನು ಬರೀ ಮಾತ್ರೆ ಸಾಕು, ನಿಮ್ಮ ಜಾಗಕ್ಕೆ ಇನ್ನೊಬ್ಬರು ಕಾಯ್ತಿದ್ದಾರೆ.

ಚೆನ್ನಾಗಾಗಿದ್ದೀನಂತೆ. ಬಸ್ಸಿನಲ್ಲಿ ಹೋಗುತ್ತಿದ್ದಾಗ ನಿಜವಾಗಿ ಸ್ವಲ್ಪ ಚೆನ್ನಾಗಾಗುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ರಾಮಗಿರಿಯಿಂದ ಹೊಳಲ್ಕೆರೆ, ಅಲ್ಲಿಂದ ದುರ್ಗದ ಬಸ್ಸು, ಕಿಟಕಿ ಪಕ್ಕದ ಸೀಟು, ಯಾರೂ ನನ್ನನ್ನು ಏನೂ ಕೇಳದ ಅಷ್ಟು ದೂರದ ದಾರಿ, ದಾಕ್ಷಿ ಚಾ ಇಡು ಅನ್ನುವುದಿಲ್ಲ, ದಾಕ್ಷಿ ಊಟ ಮಾಡಿದ್ಯಾ ಅನ್ನುವುದಿಲ್ಲ, ಬರೀ ಗಾಳಿ, ಆಮೇಲೆ ದೂರದಲ್ಲಿ ಗುಡ್ಡದ ಬಂಡೆಗಳು ಕಾಣಿಸಿಕೊಳ್ಳುವುದು. ಆಸ್ಪತ್ರೆಯ ಆ ಸಣ್ಣ ಕೋಣೆ, ಹಸಿರು ಪರದೆ, ಮೇಡಂ ಪರದೆ ಎಳೆದರೆ ಸಾಕು ಇಡೀ ಲೋಕ ಆಚೆ ನಿಲ್ಲುತ್ತಿತ್ತು. ಒಂದು ಸಲ ಹೋಗಿ ಬರೀ ಅತ್ತು ಎದ್ದು ಬಂದೆ, ಅವರು ಯಾಕೆ ಅಂತ ಕೇಳಲಿಲ್ಲ, ನೀರಿನ ಬಾಟಲಿ ನನ್ನ ಕಡೆ ಸರಿಸಿದರು ಅಷ್ಟೇ, ವಾಪಸ್ಸು ಬರುವಾಗ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ನನಗೇ ಅಂತ ಸೀಬೆಹಣ್ಣು ತೆಗೆದುಕೊಂಡು ತಿಂದೆ, ಎಷ್ಟೋ ತಿಂಗಳ ಮೇಲೆ ನಾಲಗೆಗೆ ಉಪ್ಪು ಖಾರ ಗೊತ್ತಾಯಿತು. ಆಮೇಲೆ ಹೊಸ ಪದ್ಧತಿ ಬಂತು. ಇನ್ನು ಅಷ್ಟು ದೂರ ಬರೋ ಕಷ್ಟ ಇಲ್ಲ, ಮಾತ್ರೆ ಹೊಳಲ್ಕೆರೆಯಲ್ಲೇ ಸಿಗುತ್ತೆ, ಮಾತು ಫೋನಿನಲ್ಲಿ, ವೀಡಿಯೋದಲ್ಲಿ ನಾನೇ ಬರ್ತೀನಿ ನಿಮ್ಮ ಮನೆಗೆ ಅಂದರು ಮೇಡಂ. ಎಲ್ಲರಿಗೂ ಒಳ್ಳೆಯದೇ ಆಯಿತು, ಹೊಸದುರ್ಗದ ಆಚೆಯಿಂದ ಬರುತ್ತಿದ್ದ ಒಬ್ಬ ಮುದುಕಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಬೀಳುತ್ತಿದ್ದಳು, ಅವಳಿಗೆ ದೇವರೇ ಬಂದಂಗಾತು, ಇಲ್ಲ ಅನ್ನುವುದು ಹೇಗೆ. ಮುರುಗೇಶಿ ಎಷ್ಟು ಖುಷಿಪಟ್ಟರು, ನೀ ಸುಸ್ತಾಗೋದು ತಪ್ತಲ್ಲ ದಾಕ್ಷಿ ಅಂತ ಕಿವಿಗೆ ಹಾಕುವ ಇದನ್ನೂ ತಂದುಕೊಟ್ಟರು. ನನಗೆ ಆ ಸುಸ್ತೇ ಬೇಕಿತ್ತು ರೀ ಅಂದರೆ ಅವರಿಗೆ ಅರ್ಥವಾಗುತ್ತಿತ್ತೇ.

ಮನೆಗೆ ಬರ್ತೀನಿ ಅಂದ ಮೇಲೆ ಮನೆಯವರು ಸುಮ್ಮನಿರುತ್ತಾರೆಯೇ. ಮನೆಗೆ ಬಂದವರನ್ನು ಮಾತಾಡಿಸದೆ ಒಬ್ಬರನ್ನೇ ಕೂರಿಸಿದರೆ ಮಾವ ಏಕಾಂತಪ್ಪನವರ ಮನೆತನಕ್ಕೆ ಏನು ಮರ್ಯಾದೆ, ಬಂದವರು ಫೋನಿನೊಳಗಿದ್ದರೇನು. ಮೊದಲನೇ ಸಲ ಮಾವ ಶಲ್ಯ ಹೊದ್ದುಕೊಂಡೇ ಬಂದು ಕೂತರು, ಬರ್ರಿ ತಾಯಿ ಬರ್ರಿ, ದುರ್ಗದಾಗೆ ಎಲ್ಲಾಗ್ತತೆ ನಿಮ್ಮನೆ, ಸಂತೆಹೊಂಡದ ಹತ್ರಾನಾ, ಅಲ್ಲಿ ಶೌಕತ್ ಅಲಿ ಅಂತ ಕಲಾಯಿ ಹಾಕೋರು ಒಬ್ರಿದ್ರಲ್ಲ, ನಮ್ಮನೆ ಪಾತ್ರೆಗೆಲ್ಲ ಅವ್ರೇ — ಅಯ್ಯೋ ನಮ್ಮಜ್ಜನ ತಮ್ಮ ಅವರು ಅಂದರು ಮೇಡಂ, ಆತಲ್ಲ ಇನ್ನೇನು, ನನ್ನ ಹೊತ್ತಿನಲ್ಲಿ ಅರ್ಧ ಕಲಾಯಿಗೇ ಹೋಯಿತು. ಎರಡನೇ ಸಲ ಅತ್ತೆ ತಮ್ಮ ಮೊಣಕಾಲನ್ನು ಫೋನಿಗೆ ತೋರಿಸಿದರು, ನೋಡ್ರವ್ವ ಇಲ್ಲಿ ಹೆಂಗೆ ಬಾತೈತೆ, ಇದಕ್ಕೊಂದು ಏನಾದ್ರು ಬರ್ಕೊಡ್ರಿ. ನಾನು ಮನಸ್ಸಿನ ವಿಷಯ ನೋಡೋಳಮ್ಮ ಅಂದರು ಅವರು ನಗುತ್ತಾ. ಕಾಲು ನೋವಾದ್ರೆ ಮನಸಿಗೆ ನೋವಾಗಲ್ವೇನವ್ವ. ಮೇಡಂ ಹೇಳಿಯೂ ಹೇಳಿದರು, ದಾಕ್ಷಾಯಿಣಿಯವರ ಹತ್ತಿರ ಒಬ್ಬರೇ ಮಾತಾಡಬೇಕಲ್ಲ, ಸ್ವಲ್ಪ ಆಚೆ ಇರ್ತೀರಾ. ಅತ್ತೆ ಬಾಗಿಲವರೆಗೆ ಹೋದರು, ಅಲ್ಲೇ ಹೊಸ್ತಿಲ ಮೇಲೆ ಕೂತರು, ನಾವೇನು ಹೊರಗಿನೋರಾ, ಹೇಳೇ ದಾಕ್ಷಿ ನಾಚ್ಕಬ್ಯಾಡ. ಅವರ ಕಣ್ಣಿನಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ, ಅದೇ ಕಷ್ಟ, ಕೆಟ್ಟ ಅತ್ತೆಯಾದರೆ ಬಾಗಿಲು ಹಾಕಿಕೊಳ್ಳಬಹುದು, ನಾನು ಉಂಡೆನೋ ಇಲ್ಲವೋ ಎಂದು ಇಣುಕಿ ನೋಡುವ ಅತ್ತೆಯ ಮುಖಕ್ಕೆ ಬಾಗಿಲು ಹಾಕುವುದು ಹೇಗೆ.

ಮೇಡಂ ಪ್ರತಿ ಸಲ ಅವೇ ಪ್ರಶ್ನೆ ಕೇಳುತ್ತಾರೆ, ನಿದ್ದೆ ಹೇಗಿದೆ, ಊಟ ಸೇರುತ್ತಾ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಾ, ನಾನು ಇಲ್ಲ, ಕೆಲವು ದಿನ, ದಿನಾಲೂ, ಇಷ್ಟರಲ್ಲಿ ಒಂದು ಹೇಳಬೇಕು. ನಾನು ಬಾಯಿ ತೆಗೆಯುವುದರೊಳಗೆ ಹೊಸ್ತಿಲಿಂದ ಉತ್ತರ, ಮಲಗ್ತಾಳೆ ಕಣ್ರವ್ವ, ನಿನ್ನೆ ಎರಡು ಮುದ್ದೆ ಉಂಡ್ಲು, ಈಗ ಆರಾಮದಾಳೆ. ಆಮೇಲೆ ಕೊನೆಯ ಪ್ರಶ್ನೆ, ಇಯರ್‌ಫೋನ್ ಹಾಕ್ಕೊಳ್ಳಿ ಅಂದು ಕೇಳುತ್ತಾರೆ, ಅದು ನನ್ನೊಬ್ಬಳಿಗೇ ಕೇಳಿಸುತ್ತದೆ, ಬದುಕಿರೋದು ಬೇಡ ಅನಿಸಿದೆಯಾ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳೋ ಯೋಚನೆ ಬಂದಿದೆಯಾ. ಪ್ರಶ್ನೆ ಗುಟ್ಟಾಗಿ ಬರುತ್ತದೆ, ಉತ್ತರವನ್ನು ಮಾತ್ರ ಮನೆಯ ನಡುವೆ ಕೂತು ಬಾಯಿಯಿಂದ ಹೇಳಬೇಕು. ಇಲ್ಲ ಮೇಡಂ. ಅತ್ತೆ ಹೊಸ್ತಿಲಲ್ಲಿ ತಲೆಯಾಡಿಸುತ್ತಾರೆ, ಯಾವ ಪ್ರಶ್ನೆಗೆ ಇಲ್ಲ ಅಂದೆ ಎಂದು ಗೊತ್ತಿಲ್ಲದೆ. ಇಲ್ಲ ಅಂದೆ, ಮುಂದಿನ ಸಲವೂ ಇಲ್ಲ ಅಂದೆ, ಮೇಡಂ ಮುಖ ಅರಳಿತು, ಈ ಉತ್ತರದ ಪಟ್ಟಿಯಲ್ಲೇ ನೋಡಿ, ನೀವು ತುಂಬಾ ಸುಧಾರಿಸಿದೀರಿ. ಅಷ್ಟು ಒಳ್ಳೆಯ ಹೆಣ್ಣು, ಅವಳ ಖುಷಿಯನ್ನು ಹಾಳು ಮಾಡಲು ಮನಸ್ಸಾಗಲಿಲ್ಲ, ನಾನೂ ನಕ್ಕೆ.

ಕಾರಣ ಕೇಳಿದರೆ ಕಾರಣವೂ ಇಲ್ಲ. ಗಂಡ ಕುಡಿಯುವುದಿಲ್ಲ, ಹೊಡೆದವನಲ್ಲ, ಮಗಳು ಅಂಜಲಿ ಹಿರಿಯೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಚೆನ್ನಾಗಿ ಓದುತ್ತಿದ್ದಾಳೆ, ಗಿರಣಿಗೆ ಜನ ಬರುತ್ತಾರೆ. ಏನಾದರೂ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ಇದಕ್ಕೇ ಹಿಂಗಾತು ಅಂತ ತೋರಿಸಬಹುದಿತ್ತು. ಏನೂ ಆಗದೆ ಒಂದು ಬೆಳಗ್ಗೆ ಎದ್ದರೆ ಎಲ್ಲಕ್ಕೂ ಹಿಟ್ಟು ಕೂತಿತ್ತು, ಅನ್ನಕ್ಕೆ, ಮಗಳ ದನಿಗೆ, ಬಿಸಿಲಿಗೆ, ಒರೆಸಿದರೂ ಹೋಗಲಿಲ್ಲ. ನಾನು ಬಾಯಿ ಬಿಟ್ಟರೆ ಇವರೆಲ್ಲ ನಾವೇನು ಕಮ್ಮಿ ಮಾಡಿದ್ವು ಅಂತ ಒಳಗೊಳಗೇ ಕೊರಗುತ್ತಾರೆ, ಮಾವ ಕಟ್ಟೆಗೆ ಹೋಗುವುದನ್ನು ಬಿಡುತ್ತಾರೆ, ಮುರುಗೇಶಿ ನನ್ನನ್ನು ಗಿರಣಿಗೇ ಬಿಡುವುದಿಲ್ಲ. ಆ ದಿನದ ಮಾತು — ಬೇಡ, ಅದು ಈಗ ಬೇಡ, ಮೊದಲು ರಾಗಿ ಸುರಿಯೋಣ, ಕಲ್ಲು ಬರಿದಾಗುತ್ತಿದೆ — ಆ ದಿನ ಜಾತ್ರೆಯೂ ಅಲ್ಲ ಹಬ್ಬವೂ ಅಲ್ಲ, ಯಾರದೋ ಗೋಧಿ ಬೀಸುತ್ತಿದ್ದೆ, ಅಂಗಿಯ ಗುಂಡಿ ಹಾಕಿರಲಿಲ್ಲ, ಗಿರಣಿಗೆ ಬರುವ ಹೆಂಗಸರು ಸೆರಗು ಸೊಂಟಕ್ಕೆ ಸಿಗಿಸಿ ಮೇಲೆ ಗಂಡಸರ ಹಳೇ ಅಂಗಿ ತೊಡಬೇಕು, ಸೆರಗು ಬೆಲ್ಟಿಗೆ ಸಿಕ್ಕರೆ ಆಳನ್ನೇ ಎಳಕೊಳ್ಳುತ್ತದೆ ಅಂತ ಅತ್ತೆ ಮೊದಲ ದಿನವೇ ಕಲಿಸಿದ್ದು, ಆ ದಿನ ಸೆರಗು ಬಿಚ್ಚಿಕೊಂಡಿತು, ಬೆಲ್ಟ್ ತಿರುಗುವ ಗಾಳಿಗೆ ಸೆರಗಿನ ತುದಿ ಎದ್ದಿತು, ಕೆಂಪು ಅಂಚು, ಎದ್ದು ಬೆಲ್ಟಿನ ಕಡೆಗೆ ಬಾಗಿತು, ಯಾರೋ ಕರೆದ ಹಾಗೆ. ನಾನು ನೋಡುತ್ತಾ ನಿಂತೆ. ಹೆದರಿಕೆ ಆಗಲಿಲ್ಲ, ಅದಕ್ಕೇ ಈಗ ಹೆದರಿಕೆ. ಚಿಕ್ಕತಿಮ್ಮಪ್ಪನೇ ಇರಬೇಕು, ಆತೇನವ್ವಾ ಅಂತ ಹೊರಗಿನಿಂದ ಕೂಗಿದ, ಆತು ಕಣಣ್ಣ ಅಂದು ಸೆರಗು ಸಿಗಿಸಿಕೊಂಡೆ. ಆಮೇಲೆ ಎಷ್ಟು ಸಲ, ಮುದ್ದೆ ತಿರುವುವಾಗ, ಬಟ್ಟೆ ಒಣಹಾಕುವಾಗ, ಆ ಕೆಂಪು ಅಂಚು ಕಣ್ಣ ಮುಂದೆ ಸುಮ್ಮನೆ ಏಳುತ್ತದೆ.

ಹೇಳಿ ಅಂತಿದ್ದಾರೆ ಮೇಡಂ. ಹೇಳಿದೆ. ಗಿರಣಿಯಷ್ಟು ದಪ್ಪ ಗೋಡೆ ಯಾವ ಮನೆಗಿದೆ, ಈ ಸದ್ದಿನೊಳಗೆ ಕೂತು ಕೊಲೆ ಮಾಡಿದೆ ಅಂದರೂ ಹೊರಗೆ ಕೇಳದು, ಇದು ಮೊದಲೇ ಯಾಕೆ ಹೊಳೆಯಲಿಲ್ಲವೋ, ಎಲ್ಲ ಹೇಳಿದೆ, ನಿದ್ದೆ ಇಲ್ಲ ಮೇಡಂ, ಅತ್ತೆ ಹೇಳಿದ ಎರಡು ಮುದ್ದೆ ಸುಳ್ಳು, ಒಂದನ್ನು ದನಕ್ಕೆ ಹಾಕಿದ್ದೆ, ಬಸ್ಸಿನ ಕಿಟಕಿ, ಸೆರಗು, ಬೆಲ್ಟು, ನಾನು ನೋಡುತ್ತಾ ನಿಂತದ್ದು, ಒಂದೇ ಉಸಿರಿಗೆ, ಕೂಗಿ ಕೂಗಿ, ಕಣ್ಣಿನ ನೀರಿಗೆ ಹಿಟ್ಟು ಕಲಸಿ ಕೆನ್ನೆಯ ಮೇಲೆ ಅಂಟಾಯಿತು, ಸಾಕಾಯಿತು, ಮುಗಿಯಿತು, ಎಷ್ಟು ಹಗುರ. ಮೇಡಂ ಫೋನಿಗೆ ಮುಖ ಹತ್ತಿರ ತಂದರು. ದಾಕ್ಷಾಯಿಣಿಯವರೇ, ನಿಮ್ಮ ತುಟಿ ಆಡ್ತಿರೋದು ಮಾತ್ರ ಕಾಣ್ತಿದೆ, ಏನೂ ಕೇಳಿಸ್ಲಿಲ್ಲ, ಬರೀ ಗರ್ ಅಂತಿದೆ.

ದಡ್ಡಿ. ಗೋಡೆ ಕಟ್ಟಿದೆ, ಅವರನ್ನೂ ಆಚೆಗೇ ಬಿಟ್ಟು ಕಟ್ಟಿದೆ. ನಗು ಬಂತು, ನಿಜಕ್ಕೂ ಬಂತು, ಮೇಡಂ ಅದನ್ನೇ ನೋಡಿ ತಾವೂ ನಕ್ಕರು, ಕೆಲಸದ ಮಧ್ಯೆ ಸಿಕ್ಕಿದೀರಾ ಅಲ್ವಾ, ನಗ್ತಿದೀರಿ ನೋಡಿ, ಅದೇ ಸಂತೋಷ, ಹಾಗಾದ್ರೆ ಇವತ್ತಿಗೆ ಮುಗಿಸ್ಬಿಡ್ಲಾ, ಏನೂ ತೊಂದರೆ ಇಲ್ಲ ಅಂದ್ರೆ ಸುಮ್ನೆ ತಲೆ ಆಡಿಸಿ ಸಾಕು, ನಾನು ಬರ್ಕೋತೀನಿ. ತಲೆ ಆಡಿಸಿದರೆ ಸಾಕು. ಎಷ್ಟು ಸುಲಭ, ಕತ್ತು ಒಂದು ಸಲ ಕೆಳಗೆ, ಚಿಕ್ಕತಿಮ್ಮಪ್ಪನ ರಾಗಿ ಬೀಸಿ ಕೊಟ್ಟು ಮನೆಗೆ ಹೋಗಿ ಚಾ ಇಡುವುದು, ಎಲ್ಲರೂ ಸುಖವಾಗಿರುತ್ತಾರೆ, ಆಮೇಲೆ ಒಂದು ದಿನ ಯಾರದೋ ಗೋಧಿ, ಹೊರಗಿನಿಂದ ಆತೇನವ್ವಾ ಎಂದು ಕೂಗುವವರು ಇಲ್ಲದಿರುವ ದಿನ — ಕೆಂಪು ಅಂಚು ಎದ್ದಿತು. ಮೇಡಂ ನನ್ನ ಕತ್ತನ್ನೇ ನೋಡುತ್ತಿದ್ದಾರೆ. ಇರ್ರಿ ಮೇಡಂ, ಒಂದ್ ನಿಮಿಷ ಇರ್ರಿ, ಫೋನ್ ಇಡಬ್ಯಾಡ್ರಿ, ಕೇಳಿಸುವುದಿಲ್ಲ ಅವರಿಗೆ, ಕೈ ಅಡ್ಡ ಆಡಿಸಿದೆ, ಬೇಡ ಬೇಡ ಅಂತ, ಓಡಿಹೋಗಿ ಸ್ವಿಚ್ಚು ಕೆಳಗೆ ಎಳೆದೆ.

ಗಿರಣಿ ಒಮ್ಮೆಗೇ ನಿಲ್ಲುವುದಿಲ್ಲ, ಸದ್ದು ಇಳಿಯುತ್ತಾ ಇಳಿಯುತ್ತಾ ಹೋಗಿ ಬೆಲ್ಟ್ ಒಂದೊಂದೇ ಸುತ್ತು ಹಾಕಿ ನಿಲ್ಲುತ್ತದೆ, ನಿಂತ ಮೇಲೆ ಊರೆಲ್ಲ ಒಳಗೆ ಬರುತ್ತದೆ, ಕಾಗೆ, ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು, ಚಿಕ್ಕತಿಮ್ಮಪ್ಪನ ಕೆಮ್ಮು. ಏನವ್ವ, ಕರೆಂಟ್ ಹೋತಾ. ಗೋಡೆಯಾಚೆಯಿಂದ ಅತ್ತೆ, ಏ ದಾಕ್ಷಿ ಗಿರಣಿ ಯಾಕ್ ನಿಂತೈತೆ, ಚಪ್ಪಲಿಯ ಸದ್ದು, ಬಂದೇಬಿಟ್ಟರು, ಮಡಿಲಲ್ಲಿ ಅವರೆಕಾಯಿ ಇನ್ನೂ ಇದೆ, ಬಾಗಿಲಿಗೆ ಚೀಲಗಳು ಅಡ್ಡ, ಹಾಕಿಕೊಳ್ಳಲು ಬರುವುದಿಲ್ಲ. ಫೋನು ಕಂಡದ್ದೇ ಅವರ ಮುಖ ಅರಳಿತು, ಓ ಮೇಡಮ್ಮೋರಾ, ನಮಸ್ಕಾರ ಕಣ್ರವ್ವ, ಊಟ ಆತ್ರಾ, ಎರಡೂ ಕೈ ಎತ್ತಿ ಮುಗಿದರು, ಅವರೆಕಾಯಿ ಮಡಿಲಿಂದ ಜಾರಿ ಹಿಟ್ಟಿನ ಮೇಲೆ ಬಿದ್ದವು. ಈಗ ಕೇಳಿಸ್ತಿದೆ ಅಂದರು ಮೇಡಂ, ಹೇಳಿ. ಸುಮ್ಮನಿರು ಅತ್ತೆ. ನಾನೇ ಅಂದದ್ದಾ ಅದು, ಈ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಮೊದಲ ಸಲ, ಸುಮ್ಮನಿರು ಅತ್ತೆ, ಇಲ್ಲೇ ಇರು, ಮಾತಾಡಬ್ಯಾಡ. ಮುಗಿದ ಕೈ ಮುಗಿದ ಹಾಗೇ ನಿಂತಿತು. ಮೇಡಂ, ಆ ಕೊನೇ ಪ್ರಶ್ನೆಗೆ ನಾನು ಇಲ್ಲ ಅಂದಿದ್ದು ಸುಳ್ಳು. ಹೂಂ, ಬಂದೈತೆ. ಇಲ್ಲೇ, ಈ ಬೆಲ್ಟಿನ ಹತ್ರ. ಚಿಕ್ಕತಿಮ್ಮಪ್ಪನ ಕೆಮ್ಮು ನಿಂತಿದೆ, ಅವನಿಗೂ ಕೇಳಿಸಿತು, ಕೇಳಿಸಲಿ. ನಿಧಾನ ದಾಕ್ಷಾಯಿಣಿಯವರೇ, ನಾನೆಲ್ಲೂ ಹೋಗಲ್ಲ, ಏನಾಯ್ತು ಹೇಳಿ, ಆಮೇಲೆ ಏನಾಯ್ತು. ಸೆರಗು ಬಿಚ್ಚಿಕೊಂಡಿತ್ತು ಮೇಡಂ. ಆಮೇಲೆ. ತುದಿ ಎದ್ದಿತು. ಆಮೇಲೆ. ಬೆಲ್ಟ್ ನಿಂತಿದೆ, ಗಾಳಿ ಇಲ್ಲ, ಆದರೂ ಹೇಳುತ್ತಿರುವ ಹಾಗೇ ಕಣ್ಣ ಮುಂದೆ ಎದ್ದಿದೆ, ಕೆಂಪು ಅಂಚು, ನನ್ನ ಕೈ ಪಕ್ಕದಲ್ಲೇ ಇದೆ, ಹಿಡಿಯುತ್ತಿಲ್ಲ, ತುದಿ ಎದ್ದಿದೆ, ಬಾಗುತ್ತಿದೆ, ಕೆಂಪು ಅಂಚು