ಕನ್ನಡಕದ ಹಿಂದಿನ ಕಣ್ಣು

ಮೂರಾಳೆತ್ತರದ ಗೋಡೆ. ತಂತಿ ಸುತ್ತಿ ಸುತ್ತಿ ಉಳಿಸಿಕೊಂಡ ಬಿದಿರಿನ ಏಣಿ. ಅದರ ತುದಿಯಲ್ಲಿ ಪೇಂಟರ್ ನಿಂತಿದ್ದ. ಬೆಳಗಿನಿಂದ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಕೆಳಗೆ ಹೆಂಡತಿ ಏಣಿ ಹಿಡಿದಿದ್ದಳು. ಅವಳು ಹಿಡಿದರೆ ಮಾತ್ರ ಅವನಿಗೆ ಮೇಲೆ ಧೈರ್ಯ.

ಬರೆಯಬೇಕಾದದ್ದು ತೀರಿಹೋದ ಪುರಸಭೆ ಅಧ್ಯಕ್ಷರ ಮುಖ. ಈ ಸಲ ಅವರ ಮಗ ಚುನಾವಣೆಗೆ ನಿಂತಿದ್ದ. ಅಧ್ಯಕ್ಷರು ಬದುಕಿದ್ದಷ್ಟು ದಿನ ಕಪ್ಪು ಕನ್ನಡಕ ತೆಗೆದವರಲ್ಲ, ಫೋಟೋದಲ್ಲೂ ಅದೇ. ಮಗ ಅಪ್ಪಣೆ ಕೊಟ್ಟಿದ್ದ: "ಕನ್ನಡಕ ಬೇಡ. ಒಂದು ಜೊತೆ ಒಳ್ಳೆ ಕಣ್ಣು ಇಡು. ಅಪ್ಪ ಜನರನ್ನ ನೋಡ್ತಾ ಇರ್ಬೇಕು."

ಕಾಣದ ಕಣ್ಣು ಬರೆಯುವಾಗಲೆಲ್ಲ ಪೇಂಟರನ ಕೈ ಹೆಂಡತಿಯ ಕಣ್ಣನ್ನೇ ಬರೆಯುತ್ತಿತ್ತು. ಸೋಪಿನ ಜಾಹೀರಾತಿನ ಹೆಂಗಸಿಗೂ ಅದೇ, ಪಶು ಆಸ್ಪತ್ರೆಯ ಹಸುವಿಗೂ ಅದೇ. "ಹಸುಗೂ ನಂದೇನಾ?" ಎಂದು ಅವಳು ಮುನಿದದ್ದೂ ಉಂಟು. ಅರ್ಧ ಇಳಿದ ಅವಳ ಎಡರೆಪ್ಪೆಯನ್ನು ಮಾತ್ರ ಅವನು ತಿದ್ದುತ್ತಿದ್ದ. ಇವತ್ತು ಹಸಿವಿಗೋ ಬಿಸಿಲಿಗೋ ಮರೆತುಬಿಟ್ಟ.

ಮೊದಲು ಕಂಡವನು ಎದುರಿನ ಕ್ಷೌರದಂಗಡಿಯ ಮುದುಕ.

"ಅಯ್ಯೋ, ಅಧ್ಯಕ್ಷರ ರೆಪ್ಪೆ ಹೀಗೇ ಇತ್ತು ಕಣಯ್ಯಾ! ಕನ್ನಡಕ ಇಲ್ದೆ ಅವರನ್ನ ನೋಡಿದ ಹೊರಗಿನವನು ನಾನೊಬ್ನೇ. ನಿಂಗೆ ಹೇಗೆ ಗೊತ್ತಾಯ್ತು?"

ಅಷ್ಟರಲ್ಲಿ ಅವನ ನೋಟ ಏಣಿ ಹಿಡಿದವಳ ಮೇಲೆ ಬಿತ್ತು. ಅಂಗಡಿಯೊಳಗೆ ಸರಿದು ಬಾಗಿಲು ಎಳೆದುಕೊಂಡ.

ಪೇಂಟರ್ ಬಗ್ಗಿ ಹೆಂಡತಿಯ ರೆಪ್ಪೆ ನೋಡಿದ. ಅವಳ ತಾಯಿ, ಅವನ ಅತ್ತೆ, ಒಂದು ಕಾಲಕ್ಕೆ ಅಧ್ಯಕ್ಷರ ಮನೆಯ ಅಡುಗೆಯವಳು. ಬೆಳ್ಳಿ ಲೋಟ ಕದ್ದಳೆಂದು ಹೊರದಬ್ಬಿದಾಗ ಅವಳು ಬಸುರಿ. ಅಪ್ಪ ಯಾರೆಂದು ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಊರ ಬಾಯಲ್ಲಿ ಅವಳ ಹೆಸರೇ ಕಳ್ಳಿ. ಈಗಲೂ ಅವಳು ಹತ್ತಿರ ಬಂದರೆ ವ್ಯಾಪಾರದವರು ಬುಟ್ಟಿ ಎಳೆದುಕೊಳ್ಳುತ್ತಾರೆ.

ಮಧ್ಯಾಹ್ನ ಅಧ್ಯಕ್ಷರ ಮಗ ಬಂದ. ಹಿಂದೆ ನಾಲ್ವರು. ಗೋಡೆ ನೋಡಿದ. ಏಣಿ ಹಿಡಿದವಳನ್ನು ನೋಡಿದ. ನಕ್ಕ.

"ಕನ್ನಡಕ ಇದ್ರೇನೇ ಅಪ್ಪನಿಗೆ ಲಕ್ಷಣ. ಕಪ್ಪು ಬಳಿ."

"ನೀವೇ ಬೇಡ ಅಂದಿದ್ರಿ ಸಾರ್..."

"ಈಗ ಬೇಕು ಅಂತಿದೀನಿ. ಏಯ್, ನೀನು ಆಚೆ ಸರಿ. ಏಣಿ ನಮ್ಮ ಹುಡುಗ್ರು ಹಿಡ್ಕೋತಾರೆ."

ನಾಲ್ವರೂ ಏಣಿಗೆ ಕೈ ಹಾಕಿದರು. ಒಬ್ಬ ಅದನ್ನು ಮೆಲ್ಲಗೆ ಅಲ್ಲಾಡಿಸಿದ.

"ಹಳೇ ಏಣಿ ಸಾರ್. ಯಾವಾಗ ಏನಾಗುತ್ತೋ ಹೇಳೋಕಾಗಲ್ಲ."

ಪೇಂಟರ್ ಕಪ್ಪು ಡಬ್ಬದ ಮುಚ್ಚಳ ತೆಗೆದ. ಜೀವ ಯಾರಿಗೆ ಬೇಡ?

ಆಗ ಊಟದ ಗಂಟು ಹಿಡಿದು ಅತ್ತೆ ಬಂದಳು. ಗೋಡೆಯ ಕಣ್ಣು ಕಂಡು ನಿಂತೇಬಿಟ್ಟಳು. ಗಂಟು ಕೆಳಗಿಟ್ಟು ಮಗಳ ಗಲ್ಲ ಹಿಡಿದೆತ್ತಿ ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಬಳೀಬೇಡಿ ಅಳಿಯಂದ್ರೇ! ನಾನು ಲೋಟ ಕದ್ದಿಲ್ಲ. ಆ ಮನೆಯಿಂದ ನಾನು ತಂದಿದ್ದು ಈ ಕಣ್ಣು ಮಾತ್ರ. ಎಲ್ಲರೂ ನೋಡ್ಕೊಳ್ಳಿ."

"ಬಾಯ್ಮುಚ್ಚೇ ಕಳ್ಳಿ!" ಎಂದು ಅಧ್ಯಕ್ಷರ ಮಗ ಅಬ್ಬರಿಸಿದ.

ಏಣಿ ಜೋರಾಗಿ ವಾಲಿತು. ಪೇಂಟರ್ ಗೋಡೆಗೆ ಅಂಟಿಕೊಂಡ. ಹೆಂಡತಿ ಚೀರಿದಳು.

ಕ್ಷೌರದಂಗಡಿಯ ಬಾಗಿಲು ತೆರೆಯಿತು. ಮುದುಕ ಆ ನಾಲ್ವರ ನಡುವೆ ನುಗ್ಗಿ ಏಣಿ ಹಿಡಿದ. "ಅವಳು ಹೇಳಿದ್ದು ನಿಜ. ನಾನು ಕಂಡಿದೀನಿ," ಎಂದ. ಅವನ ಹಿಂದೆ ತರಕಾರಿಯವಳು ಬಂದಳು, ಆಮೇಲೆ ಮೂಟೆ ಹೊರುವವರು. ಅಷ್ಟು ಕೈಗಳ ನಡುವೆ ನಾಲ್ವರಿಗೆ ಜಾಗ ಉಳಿಯಲಿಲ್ಲ.

"ನಿನ್ನ ಕಂಡ್ರೆ ಬುಟ್ಟಿ ಎಳ್ಕೋತಿದ್ದೆ ಅಕ್ಕಾ," ಎಂದಳು ತರಕಾರಿಯವಳು. ಅತ್ತೆ ಕೆಳಗಿಟ್ಟ ಊಟದ ಗಂಟು ಎತ್ತಿಕೊಂಡಳು.

ಪೇಂಟರ್ ಕಪ್ಪು ಡಬ್ಬ ಮುಚ್ಚಿದ. ಇಳಿದ ರೆಪ್ಪೆಯಡಿ ಬಾಕಿಯಿದ್ದ ಬಿಳಿ ಚುಕ್ಕೆ ಇಟ್ಟ.

"ಸಾರ್," ಎಂದು ಮೇಲಿನಿಂದ ಕೂಗಿದ, "ನೀವು ಹೇಳಿದ ಹಾಗೇ ಆಯ್ತು. ನಿಮ್ಮಪ್ಪ ಜನರನ್ನ ನೋಡ್ತಾ ಇದಾರೆ."