ಹವಾಲ್ದಾರನ ಹೆಂಡತಿ

ನಾಲ್ವರು ಬಗ್ಗಿ ಚಟ್ಟಕ್ಕೆ ಕೈ ಹಾಕಿದರು. ಇನ್ನೇನು ಎತ್ತಬೇಕು, ಅಷ್ಟರಲ್ಲಿ ತಾಯವ್ವ ಮುಂದೆ ಸರಿದು ಅಡ್ಡ ಬಿದಿರನ್ನು ಎರಡೂ ಕೈಯಿಂದ ಹಿಡಿದು ಕೂತುಬಿಟ್ಟಳು.

“ಕೆಳಗಿಡ್ರಿ,” ಎಂದಳು. “ಇನ್ನೂ ಆಗಿಲ್ಲ.”

“ಏನ ಆಗಿಲ್ಲ?” ಎಂದ ಬಾಳೇಶ. ಸತ್ತವನ ತಮ್ಮ ಅವನು, ಬನಹಟ್ಟಿ ಕಡೆಯ ಹೈಸ್ಕೂಲೊಂದರಲ್ಲಿ ಗುಮಾಸ್ತ. “ಮೈ ತೊಳದದ್ದಾತು, ಮಾಲಿ ಹಾಕಿದ್ದಾತು. ಬಿಸಲ ಏರಾಕತ್ತೇತಿ.”

“ನನ್ನ ಕೈಯಾಗಿನ ಬಳಿ ಒಡದಿಲ್ಲ.”

ಹಲಗೆ ಬಾರಿಸುತ್ತಿದ್ದ ದುರಗೇಶನ ಕೈ ನಿಂತಿತು. ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಟ್ಟದ ಮೇಲೆ ಗಂಗಾರಾಮ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎದೆಗೆ ಮೂರು ಪದಕ ಸಿಕ್ಕಿಸಿಕೊಂಡು ಮಲಗಿದ್ದ. ಪಲ್ಟಣದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದವನು. ನಿನ್ನೆ ಸಂಜೆ ಜಮಖಂಡಿಯಿಂದ ಬಸ್ಸಿಳಿದು ಬಂದು, ಚಹಾ ಕೇಳಿ, ಚಹಾ ಬರುವಷ್ಟರಲ್ಲಿ ಹೋಗಿದ್ದ.

ತಾಯವ್ವನ ಕೈಗಳಲ್ಲಿ ಹಸಿರು ಬಳೆ ಇದ್ದವು. ಕೊರಳಲ್ಲಿ ಕರಿಮಣಿಯ ತಾಳಿ. ಅದರ ಮಗ್ಗುಲಿಗೇ ಕೆಂಪು ಬಿಳಿ ಮಣಿಗಳ ಇನ್ನೊಂದು ಸರ. ಅದು ಎಲ್ಲವ್ವ ದೇವಿಯ ಹೆಸರಲ್ಲಿ, ತಾಯವ್ವ ಹತ್ತು ವರ್ಷದವಳಿದ್ದಾಗ ಕಟ್ಟಿದ ಮುತ್ತು.

“ತಾಯವ್ವ, ತಿಳದಾಕಿ ನೀನು,” ಬಾಳೇಶ ದನಿ ತಗ್ಗಿಸಿದ. “ಮುತ್ತು ಕಟ್ಟಿಸ್ಕೊಂಡಾಕಿ ರಂಡಿ ಆಗೂದಿಲ್ಲ. ದೇವರಿಗೆ ಬಿಟ್ಟಾಕಿಗೆ ಗಂಡ ಎಲ್ಲಿ, ಸಾವೆಲ್ಲಿ? ನಿನಗ ಛಲೋನ ಆತಲ್ಲ, ಕುಂಕುಮ ಉಳೀತು, ಬಳಿ ಉಳದೂವು.”

“ವೈನಿ ಅನ್ನು.”

“ಏನು?”

“ನಿಮ್ಮಣ್ಣ ಇರೂತನಕ ಬಾಯಿ ತುಂಬ ವೈನಿ ಅಂತಿದ್ದಿ. ನಿನ್ನೆ ಸಂಜಿಯಿಂದ ತಾಯವ್ವ ಆಗೇನಿ.”

ಗುಂಪಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿದರು. ಬಾಳೇಶನ ಹೆಂಡತಿ ಹಿಂದಿನಿಂದ ಕೂಗಿದಳು: “ಪ್ರತಿ ವರ್ಷ ರಂಡಿ ಹುಣ್ಣಿಮಿಗೆ ಎಲ್ಲವ್ವನ ಗುಡ್ಡಕ್ಕ ಹೋಗಿ ಬಳಿ ಒಡಕೊಂಡ ಬರ್ತಿದ್ದಿಯಲ್ಲ, ಅದ ಸಾಲಂಗಿಲ್ಲೇನು?”

“ಅದು ಎಲ್ಲವ್ವನ ಗಂಡ ಸತ್ತದ್ದಕ್ಕ,” ಎಂದಳು ತಾಯವ್ವ. “ಇಂವ ನನ್ನ ಗಂಡ.”

*

ನಲವತ್ತು ವರ್ಷದ ಹಿಂದೆ ಗಂಗಾರಾಮ ಎರಡು ತಿಂಗಳ ರಜೆಯಲ್ಲಿ ಬಂದಿದ್ದ. ತಾಯವ್ವ ಬಾವಿಯ ಕಟ್ಟೆಯ ಮೇಲೆ ಬಟ್ಟೆ ಹಿಂಡುತ್ತಿದ್ದಳು. ಅವನು ಬಂದು ನೇರವಾಗಿ, ಮದುವೆಯಾಗುತ್ತೀಯಾ ಎಂದು ಕೇಳಿದ.

“ನಿಮಗ ಕಣ್ಣ ಕಾಣೂದಿಲ್ಲೇನು?” ಕೊರಳ ಮುತ್ತು ಎತ್ತಿ ತೋರಿಸಿದಳು. “ನನ್ನ ಆಗಲೇ ಕಟ್ಟಿ ಬಿಟ್ಟಾರ.”

“ನನ್ನೂ ಕಟ್ಟ್ಯಾರ. ಪಲ್ಟಣಕ್ಕ.” ಅವನು ಕೊರಳಿಂದ ನಂಬರು ಕೊರೆದ ತಗಡಿನ ಬಿಲ್ಲೆ ಹೊರಗೆಳೆದ. “ಆದ್ರ ನಮಗ ರಜಾ ಕೊಡ್ತಾರ. ನಿಮ್ಮ ದೇವರು ಕೊಡೂದಿಲ್ಲೇನು?”

“ಕೊಡೂದಿಲ್ಲ.”

“ಅರ್ಜಿ ಹಾಕಿ ನೋಡಿಯೇನು?”

ಅವಳಿಗೆ ನಗು ಬಂತು. ಆ ಮೊದಲು ಗಂಡಸೊಬ್ಬನ ಮುಂದೆ ಹಾಗೆ ನಕ್ಕ ನೆನಪು ಅವಳಿಗೆ ಇರಲಿಲ್ಲ.

ರಜೆ ಮುಗಿಯಲು ಆರು ದಿನ ಇದ್ದಾಗ ತಾಳಿ ಕಟ್ಟಿದ. ದೇವಿ ಮುನಿಯುತ್ತಾಳೆಂದು ಕೇರಿಯಿಂದ ಒಬ್ಬರೂ ಬರಲಿಲ್ಲ. ಅಕ್ಕಿಕಾಳು ಹಾಕಿದವರು ಇಬ್ಬರೇ: ಅವನ ಜೊತೆಗೇ ರಜೆಯಲ್ಲಿ ಬಂದಿದ್ದ ಚಿಮ್ಮಡದ ಸಿಪಾಯಿ ಮುರಗೆಪ್ಪ, ಮತ್ತು ಕಾಗದ ಕೊಡಲು ಬಂದು ಸಿಕ್ಕಿಬಿದ್ದ ಪೋಸ್ಟ್‌ಮನ್.

ನಿವೃತ್ತನಾಗಿ ಬಂದ ಮೇಲೆ ಅವನ ನಿಜವಾದ ಲಡಾಯಿ ಶುರುವಾಯಿತು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ತಾಯವ್ವನ ಹೆಸರು ಹೆಂಡತಿ ಎಂದು ಹತ್ತಬೇಕು. ಅವಳ ಫೋಟೊ ಅಂಟಿಸಿದ ಅರ್ಜಿ ಹಿಡಿದು ಹೋಗುತ್ತಿದ್ದ.

“ಮದುವಿ ಆಗಿದ್ದಕ್ಕ ಸಾಕ್ಷಿ?” ಎಂದು ಕೇಳಿದರು ಅಲ್ಲಿಯ ಮುದಿ ಗುಮಾಸ್ತರು.

“ನಾನ ಇದ್ದೆನ್ರಿ ಸಾಹೇಬ್ರ. ಅಲ್ಲೇ ಇದ್ದೆ.”

“ನಿಮ್ಮನ್ನ ಬಿಟ್ಟು, ಹವಾಲ್ದಾರ್ರ.”

“ಆಕಿನೂ ಇದ್ಳರಿ.”

ಗುಮಾಸ್ತರು ನಕ್ಕು ಕುರ್ಚಿ ಕೊಟ್ಟರು. ಏನೇನು ಕಾಗದ ಬೇಕೆಂದು ತಾವೇ ಚೀಟಿಯಲ್ಲಿ ಬರೆದುಕೊಟ್ಟರು. ಆದರೆ ಆ ಚೀಟಿಯ ಪ್ರತಿ ಸಾಲಿಗೂ ಊರಿನವರ ಸಹಿ ಬೇಕಿತ್ತು. ಊರಿನವರು ಸಹಿ ಹಾಕುತ್ತಿರಲಿಲ್ಲ. ಒಂಬತ್ತು ವರ್ಷ ಹಿಡಿಯಿತು. ಕೊನೆಗೆ ಮುರಗೆಪ್ಪ ಕೊಟ್ಟ ಪ್ರಮಾಣಪತ್ರದ ಮೇಲೆ ತಾಯವ್ವನ ಹೆಸರಿನ ಗುರುತಿನ ಕಾರ್ಡು ಬಂತು. ಅದರ ಬಲದಿಂದಲೇ ಮಗಳು ಅಂಜನಾಳಿಗೆ ಮಾಜಿ ಸೈನಿಕರ ಮಕ್ಕಳ ಕೋಟಾದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಕಾರ್ಡು ಬಂದ ದಿನ ಗಂಗಾರಾಮ ಅದನ್ನು ತಾಯವ್ವನ ಕೈಗಿಟ್ಟು ಹೇಳಿದ್ದ: “ಅರ್ಜಿ ಮಂಜೂರ ಆತು ನೋಡು.”

*

ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಚಟ್ಟ ನೆಲದ ಮೇಲೆಯೇ ಇತ್ತು.

“ಮಾಂವಾರ, ಪಲ್ಟಣದ ಬಾಟ್ಲಿ ಗೀಟ್ಲಿ ಏನರ ತಂದೀರೇನ್ರಿ?” ದುರಗೇಶ ಮುರಗೆಪ್ಪನ ಹತ್ತಿರ ಪಿಸುಗುಟ್ಟಿದ. “ಹಲಗಿ ಚರ್ಮಾ ಒಣಗಾಕತ್ತೇತಿ.”

“ಹಲಗಿದೋ, ನಿನ್ನ ಗಂಟಲದ್ದೋ?”

“ಎರಡೂ ಒಂದ ದನದ್ದರಿ.”

ಮುರಗೆಪ್ಪನ ಮೀಸೆ ಅಲುಗಿತು. ಆದರೆ ಕಣ್ಣು ಬಾಳೇಶನ ಮೇಲೆಯೇ ಇತ್ತು. ಅವನಿಗೆ ಈಗ ಎಪ್ಪತ್ತು. ಬೆಳಿಗ್ಗೆ ಚಿಮ್ಮಡದಿಂದ ಆಟೋ ಮಾಡಿಕೊಂಡು, ಇನ್ನಿಬ್ಬರು ಮಾಜಿ ಸೈನಿಕರನ್ನು ಕರೆದುಕೊಂಡು ಬಂದಿದ್ದ.

ಅಂಜನಾ ತಾಯಿಯ ಪಕ್ಕ ಕೂತಳು. ಮುಧೋಳದ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೈದು ವರ್ಷದ ನೌಕರಿ ಅವಳದು. “ಯವ್ವಾ, ಒಡಿಯೂದು ಬ್ಯಾಡ. ಕೆಟ್ಟ ಪದ್ಧತಿ ಅದು. ಎಷ್ಟ ಮಂದಿಗೆ ನಾನ ಬಿಡಸೇನಿ. ಇವತ್ತ ನನ್ನ ತಾಯಿಗೇ ಒಡಿಯೂದು ನೋಡ್ಲೇನು?”

“ನಿನ್ನ ಮಾತು ಖರೆ ಐತಿ. ನಿನಗ ಯಾರೂ ಒಡಿಯಬಾರದು,” ಎಂದಳು ತಾಯವ್ವ. “ನೀ ಬ್ಯಾಡ ಅನಬಹುದು. ನಿನಗ ಒಡಿಯಾಕ ಬರ್ತಾರ, ಅದಕ್ಕ ಬ್ಯಾಡ ಅಂತಿ. ನನಗ ಒಡಿಯಾಕ ಯಾರೂ ಬರವಲ್ರಲ್ಲ.”



“ಇದು ಬರೇ ಬಳಿ ಮಾತಲ್ಲ, ತಂಗಿ,” ಎಂದ ಮುರಗೆಪ್ಪ ಅಂಜನಾಳಿಗೆ, ಎಲ್ಲರಿಗೂ ಕೇಳುವ ಹಾಗೆ. “ನಾಡಿದ್ದ ತಲಾಟಿ ಹೊಲದ ವಾರಸಾ ಪಂಚನಾಮಾ ಮಾಡಾಕ ಬರ್ತಾನ. ಸತ್ತಾಂವಗ ಹೆಂಡತಿ ಇದ್ದಳೇನು ಅಂತ ಇದ ಅಂಗಳದಾಗ ನಿಂತು ಐದ ಮಂದೀನ ಕೇಳ್ತಾನ. ಅವರು ಏನಂತಾರ? ಇದ್ದಿದ್ರ ಬಳಿ ಒಡೀತಿದ್ದಿವಿ, ಒಡದಿಲ್ಲ ಅಂತಾರ. ಹೌದಿಲ್ಲೋ ಬಾಳೇಶ? ಆಕಿ ಹೆಂಡತಿ ಅಲ್ಲಂದ್ರ ಈಕಿ ಮಗಳೂ ಅಲ್ಲ. ನಾಲ್ಕ ಎಕರೆ ಸೀದಾ ತಮ್ಮನ ಕಡೆ ಹೊಳ್ಳತೈತಿ.”

ಮಾಜಿ ಸೈನಿಕರಿಗೆಂದು ಸರ್ಕಾರ ಗಂಗಾರಾಮನಿಗೆ ಕೊಟ್ಟಿದ್ದ ಹೊಲ ಅದು. ಬರೀ ಕಲ್ಲಿದ್ದಾಗ ಬಾಳೇಶ ಅತ್ತ ತಲೆ ಹಾಕಿದವನಲ್ಲ. ತುಬಚಿಯಿಂದ ಹೊಳೆಯ ನೀರು ಎತ್ತುವ ಕೆಲಸ ಶುರುವಾದ ಮೇಲೆ ತಿಂಗಳಿಗೆರಡು ಸಲ ಅಣ್ಣನ ಯೋಗಕ್ಷೇಮ ಕೇಳಲು ಬರತೊಡಗಿದ್ದ.

“ಹೊಲದ ಮಾತು ಹೆಣದ ಮುಂದ ಬ್ಯಾಡ್ರಿ, ಮುರಗೆಪ್ಪಣ್ಣ.”

“ಹೊಲಾನೂ ಬಿಡಂಗಿಲ್ಲ,” ಎಂದಳು ತಾಯವ್ವ. “ಗಂಡನ್ನೂ ಬಿಡಂಗಿಲ್ಲ.”

“ಸರಕಾರದ ಕಾರ್ಡ ಐತಿ ಆಕಿ ಕಡೆ,” ಎಂದ ಮುರಗೆಪ್ಪ.

“ಸರಕಾರದ ಕಾಗದ ನನ್ನ ಕಡೆನೂ ಐತಿ.” ಬಾಳೇಶ ಅಂಗಿಯ ಕಿಸೆಯಿಂದ ಮಡಿಚಿದ ಝೆರಾಕ್ಸ್ ತೆಗೆದ. ಅದನ್ನು ಬೆಳಿಗ್ಗೆಯೇ ಇಟ್ಟುಕೊಂಡು ಬಂದಿದ್ದ. “ಮಾಜಿ ದೇವದಾಸಿಯರ ಪಟ್ಟಿ. ನಂಬರ ಹದಿನಾಲ್ಕು, ಈಕಿ ಹೆಸರು. ಮದುವಿ, ಇಲ್ಲ. ಗಂಡ, ಇಲ್ಲ. ಓದ್ಕೋರಿ.”

ತಾಯವ್ವನ ಕೈ ಮೊದಲ ಸಲ ಬಿದಿರಿನಿಂದ ಸಡಿಲವಾಯಿತು. “ಸುಳ್ಳು. ನಾ ಬರಿಸಿಲ್ಲ.”

*

ಹತ್ತು ವರ್ಷದ ಹಿಂದೆ ಸಮೀಕ್ಷೆಗೆ ಬಂದ ಹುಡುಗಿ ಛತ್ರಿ ಮಡಿಚಿ ಇದೇ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ದೇವರಿಗೆ ಬಿಟ್ಟ ಹೆಂಗಸರಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ಹೆಸರು ಹೇಳಿ ಎಂದಳು. ಗಂಗಾರಾಮ ತಾಯವ್ವನ ಕಡೆ ನೋಡಿದ.

“ನನ್ನ ಹೆಸರು ಬ್ಯಾರೆ ಪಟ್ಟ್ಯಾಗ ಐತಿ,” ಎಂದು ತಾಯವ್ವ ಒಳಗಿನಿಂದ ಕಾರ್ಡು ತಂದು ತೋರಿಸಿದಳು. “ಇದನ್ನ ಹತ್ತಸಾಕ ನನ್ನ ಗಂಡನ ಎರಡ ಜೋಡ ಬೂಟ ಸವದಾವ. ಅದ್ರಾಗ ಬರದ್ರ ಇದು ಅಳಿಸಿ ಹೋಗತೈತಿ. ಬ್ಯಾಡವಾ.”

ಹುಡುಗಿ ತಲೆದೂಗಿ ಎದ್ದು ಪಕ್ಕದ ಮನೆಗೆ ಹೋದಳು. ಅಲ್ಲಿ ತಂಗೆವ್ವ ಇದ್ದಳು. ತಾಯವ್ವನಿಗೆ ಮುತ್ತು ಕಟ್ಟಿದವಳು ಅವಳೇ.

*

“ನಾ ಬರಿಸಿದ್ದು.”

ಎಲ್ಲರೂ ತಿರುಗಿದರು. ಬೇವಿನ ಬುಡದಲ್ಲಿ ಕೂತಿದ್ದ ತಂಗೆವ್ವ ಕೋಲೂರಿ ಎದ್ದಳು. ಎಂಬತ್ತು ದಾಟಿದ ಮುದುಕಿ. ಹಣೆ ತುಂಬ ಭಂಡಾರ, ಒಣಗಿದ ಕೈಗಳಲ್ಲಿ ಮೊಣಕೈವರೆಗೆ ಹಸಿರು ಬಳೆ.

“ಆಕಿ ಬ್ಯಾಡಂದಿದ್ಳು. ಹುಚ್ಚಿ ಅಂದ್ಕೊಂಡೆ. ಮುಪ್ಪಿನಾಗ ಒಂದ ಬೊಗಸಿ ಜ್ವಾಳ ಆದೀತು ಅಂತ, ಆಕಿಗೆ ಹೇಳದ, ಈಗ ಒಪ್ಯಾಳಂತ ಆ ಹುಡಿಗಿ ಮುಂದ ಹೆಸರ ಹೇಳಿದೆ. ಛಲೋ ಆಗ್ಲಿ ಅಂತ ಹೇಳಿದೆ, ರೊಕ್ಕ ಬರಲೇ ಇಲ್ಲ.” ಅವಳು ಬಾಳೇಶನ ಕೈಯ ಕಾಗದವನ್ನು ಹಾವನ್ನು ನೋಡಿದಂತೆ ನೋಡಿದಳು. “ಇದಕ್ಕ ಬರ್ತೇತಂತ ನನಗೇನ ಗೊತ್ತು.”

“ಬರಿಸಿದ್ದ ಹೋಗ್ಲಿ ಬಿಡು, ಆಯಿ,” ಎಂದ ಬಾಳೇಶ ಹುರುಪಿನಿಂದ. “ಕಟ್ಟಿದಾಕಿನೂ ನೀನ. ಈಗ ಎಲ್ಲಾರ ಮುಂದ ನೀನ ಹೇಳು. ಮುತ್ತು ಕಟ್ಟಿದಾಕಿಗೆ ರಂಡತನ ಐತೇನು?”

ತಂಗೆವ್ವ ತನ್ನ ಕೈಗಳ ಬಳೆ ನೋಡಿಕೊಂಡಳು.

“ಇಲ್ಲ,” ಎಂದಳು. “ನಮಗ ಅದೂ ಇಲ್ಲ.”

“ಕೇಳಿದ್ರಿಲ್ರಿ?”

“ಇನ್ನೂ ಮುಗಿದಿಲ್ಲ, ತಡಿಯೋ. ನನ್ನ ಇಟಗೊಂಡಿದ್ದಾಂವ ಸತ್ತಾಗ ಅವರ ಹಿತ್ತಲ ಬೇಲಿ ಹಿಂದ ನಿಂತಿದ್ದೆ. ಹದಿನೆಂಟ ವರ್ಷ ಅವನ ಅನ್ನ ಉಂಡಾಕಿ. ಅಳು ಬಂತು, ಅತ್ತೆ. ಅವರ ಮನಿ ಆಳು ಓಡಿ ಬಂದ. ಏ ಮುದಕಿ, ಕೈ ತುಂಬ ಬಳಿ ಇಟಗೊಂಡು ಯಾರ ಸಲುವಾಗಿ ಅಳಾಕತ್ತೀ, ಹೋಗು ಅಂದ.” ಕೋಲನ್ನು ಅಂಜನಾಳ ಕೈಗೆ ಕೊಟ್ಟು ತಂಗೆವ್ವ ತಾಯವ್ವನ ಎದುರು ಕೂತಳು. “ಬಾ ಮಗಳ. ಕೈ ಕೊಡು.”

“ಎಲ್ಲವ್ವ ಸುಮ್ಮನ ಬಿಡ್ತಾಳೇನು ನಿನ್ನ?” ಬಾಳೇಶನ ಹೆಂಡತಿ ಚೀರಿದಳು.

“ಆಕಿಗೆ ನಾ ಹೇಳ್ಕೋತೇನಿ. ಎಪ್ಪತ್ತ ವರ್ಷ ಆಕಿ ಕೊಡ ಹೊತ್ತೇನಿ. ಆಕಿ ನನ್ನ ಮಾತ ಒಂದ ಕೇಳಲಿ.”

ತಾಯವ್ವ ಎರಡೂ ಕೈ ಚಾಚಿದಳು. ತಂಗೆವ್ವ ಒಂದೊಂದು ಕೈಯನ್ನೂ ತನ್ನ ಮಡಿಲಿಗೆ ಎಳೆದುಕೊಂಡು, ಗುಂಡುಕಲ್ಲಿನಿಂದ ಸಾವಕಾಶ, ಚರ್ಮಕ್ಕೆ ತಾಗದ ಹಾಗೆ ಒಡೆದಳು. ಹೆಬ್ಬೆರಳಿನಿಂದ ಅವಳ ಹಣೆಯ ಕುಂಕುಮ ಒರೆಸಿದಳು. ಆಗ ತಾಯವ್ವ ಅತ್ತಳು. ನಿನ್ನೆ ಸಂಜೆಯಿಂದ ಬಿಗಿಹಿಡಿದದ್ದು ಒಮ್ಮೆಲೇ ಬಂತು. ಗಂಡನ ಹೆಸರು ಹಿಡಿದು, ಕೇರಿಯಲ್ಲಿ ಹೆಂಡತಿಯರು ಅಳುವ ಹಾಗೆಯೇ, ಗಂಟಲು ಹರಿದು ಅತ್ತಳು. ಅಂಜನಾ ಅವಳ ಬೆನ್ನಿಗೆ ಕೈಯಿಟ್ಟು ಕೂತಳು.

ಮುರಗೆಪ್ಪ ಬಾಳೇಶನ ಕೈಯಿಂದ ಪಟ್ಟಿಯನ್ನು ಎಳೆದುಕೊಂಡ. ಅವನ ಕಿಸೆಯ ಪೆನ್ನನ್ನೂ ಕಿತ್ತುಕೊಂಡ. ಕಾಗದವನ್ನು ಮಗುಚಿ ತೊಡೆಯ ಮೇಲಿಟ್ಟು ಬರೆಯುತ್ತ ಗಟ್ಟಿಯಾಗಿ ಓದಿದ: “ಮಾಜಿ ಹವಾಲ್ದಾರ ಗಂಗಾರಾಮ ಇವರ ಹೆಂಡತಿ ತಾಯವ್ವ ಇವರ ಬಳಿ ಒಡದದ್ದನ್ನ ನಾವು ಕಣ್ಣಾರೆ ನೋಡೇವಿ. ಪೈಲಾ ಸಹಿ ನಂದು. ಯಾರ ನೋಡೀರಿ, ಮುಂದ ಬರ್ರಿ.”

ಯಾರೂ ಅಲುಗಲಿಲ್ಲ. ಬಾಳೇಶ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ.

“ನನ್ನ ಹೆಸರ ಬರೀರಿ,” ದುರಗೇಶ ಹಲಗೆಯನ್ನು ಹೆಗಲಿಂದ ಇಳಿಸಿದ. “ಎದುರಿಗೇ ನಿಂತಿದ್ದೆ. ಇಲ್ಲ ಅನ್ನಾಕ ನಾನೇನ ಕುಡ್ಡೇನು?”

ಅವನ ಹಿಂದೆ ಇಬ್ಬರು ಮಾಜಿ ಸೈನಿಕರು ಬಂದರು. ಆಮೇಲೆ ಕೇರಿಯ ಹೆಂಗಸೊಬ್ಬಳು ಹೆಬ್ಬೆಟ್ಟಿಗೆ ಒಲೆಯ ಮಸಿ ಹಚ್ಚಿಕೊಂಡು ಬಂದಳು.

“ಐದಾತು,” ಎಂದ ಮುರಗೆಪ್ಪ. ಅಷ್ಟರಲ್ಲಿ ಇನ್ನೂ ಮೂವರು ಸಾಲಿನಲ್ಲಿ ನಿಂತಿದ್ದರು.

ತಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಎತ್ರಿ ಈಗ,” ಎಂದಳು. ಹಲಗೆ ಶುರುವಾಯಿತು. ಚಟ್ಟದ ಹಿಂದೆ ಬರಿಗೈ ಬೀಸುತ್ತ ಅವಳು ನಡೆದಳು. ಬಾಳೇಶ ಎಷ್ಟೋ ಹೊತ್ತಿನ ಮೇಲೆ ಬಂದು ಎಲ್ಲರಿಗಿಂತ ಹಿಂದೆ ಸೇರಿಕೊಂಡ.

ಕೇರಿಯ ತಿರುವಿನಲ್ಲಿ ಮುರಗೆಪ್ಪ ಮುದುಕಿ ಬರುತ್ತಿದ್ದಾಳೋ ಎಂದು ತಿರುಗಿ ನೋಡಿದ. ಖಾಲಿ ಅಂಗಳದಲ್ಲಿ ತಂಗೆವ್ವ ಕೂತಲ್ಲಿಯೇ ಕೂತಿದ್ದಳು. ಅವಳ ಎಡಗೈ ಬರಿದಾಗಿತ್ತು. ಕಲ್ಲನ್ನು ಆ ಕೈಗೆ ಬದಲಿಸಿಕೊಂಡು, ಬಲಗೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು.